ತೆಂಕಲ ಸೂರು

ಎಂಬತ್ತಾರನೇ ಇಸವಿಯ ಮೇ ತಿಂಗಳಲ್ಲಿ, ಚೌಳಹಿರಿಯೂರಿಗೆ ಎರಡು ಮೈಲಿ ಆಚೆಯ ಒಂದು ಒಂಟಿಮನೆಯ ಮೇಲೆ ನಾನು ಸೋಲಾರ್ ಪ್ಯಾನೆಲ್ ಕೂರಿಸಿದೆ. ಪರೀಕ್ಷೆಗೆಂದು ತಾಲ್ಲೂಕಿಗೆ ಬಂದಿದ್ದ ಆರು ದೀಪಗಳಲ್ಲಿ ಅದೊಂದು. ಬಿ.ಎಸ್ಸಿ. ಮುಗಿಸಿ ನಾನು ಕಡೂರಿನ ಆಫೀಸಿನಲ್ಲಿ ಆ ದೀಪಗಳನ್ನು ಕೂರಿಸುವ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು.

ಆ ಮನೆಯನ್ನು ಆರಿಸಿದ್ದು ಕರಿಸಿದ್ದಪ್ಪನಿಗಾಗಿ. ಕಡೂರಿನ ಹಿಟ್ಟಿನ ಗಿರಣಿಯಲ್ಲಿ ಹದಿನೆಂಟು ವರ್ಷ ದುಡಿದು, ಎದೆ ಕೆಡಿಸಿಕೊಂಡು ಮನೆ ಸೇರಿದ್ದ. ವಯಸ್ಸು ನಲವತ್ತೊಂದು. ಸೀಮೆಎಣ್ಣೆ ಬುಡ್ಡಿಯ ಹೊಗೆ ತಾಗಿದರೆ ಉಬ್ಬಸ ಏರುತ್ತಿತ್ತು. ಬುಡ್ಡಿ ಆರಿಸಿದರೆ ಕತ್ತಲಲ್ಲಿ ಉಸಿರು ನಿಂತೇಹೋಗುತ್ತದೆಂಬ ಭಯ. ಹೊಗೆಯಿಲ್ಲದ ದೀಪ ಇದ್ದರೆ ಇನ್ನೊಂದಷ್ಟು ದಿನ ತಳ್ಳಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಕರೆಂಟು ಕಂಬಗಳು ಊರೊಳಗೇ ನಿಂತುಬಿಟ್ಟಿದ್ದವು.

ಹಂಚಿನ ಮನೆ. ಸೂರು ಒಂದು ಕಡೆ ತೆಂಕಲಿಗೆ, ಇನ್ನೊಂದು ಕಡೆ ಬಡಗಲಿಗೆ ಇಳಿದಿತ್ತು. ನಾನು ಪ್ಯಾನೆಲ್ ಹೊತ್ತು ತೆಂಕಲ ಕಡೆಗೆ ಏಣಿ ಹಾಕಿದೆ. ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದ ಕರಿಸಿದ್ದಪ್ಪನ ತಾಯಿ ಗುರುಶಾಂತಮ್ಮ ತಲೆ ಎತ್ತಿದರು.

"ಲೇ ತಮ್ಮಾ, ಅದುನ್ನ ಎತ್ಲಾಗೆ ಇಡ್ತೀಯ?"

"ತೆಂಕಲಿಗೆ ಅಜ್ಜಿ. ವರ್ಷ ಪೂರ್ತಿ ಬಿಸಿಲು ಸಿಗೋದು ಅಲ್ಲೇ."

"ಕಾಯಿಲೆ ಮನುಷ್ಯ ಮಲಗಿರೋ ಮನೆ ಕಣಪ್ಪಾ ಇದು. ಕನ್ನಡಿಯಂಥದ್ದುನ್ನ ಯಮನ ದಿಕ್ಕಿಗೆ ಹಿಡಿದು, ಬಾರಪ್ಪಾ ಇಲ್ಲವ್ನೆ ಅಂತ ತೋರುಸ್ತೀಯಾ? ಇಳಿ ಕೆಳಕ್ಕೆ."

ಒಳಗಿನಿಂದ ಕರಿಸಿದ್ದಪ್ಪ ಕೆಮ್ಮುತ್ತಲೇ ನಕ್ಕ. "ಲಿಂಗ ಕಟ್ಟಿದೋರಿಗೆ ಎಲ್ಲಿ ಯಮ ಕಣವ್ವಾ? ಮಠದಾಗೆ ಸ್ವಾಮಿಗಳು ಹೇಳಿದ್ದು ಮರೆತ್ಯಾ?"

"ಲಿಂಗ ನಿನ್ನ ಕೊರಳಾಗೈತೆ. ಸೂರಿಗೆ ಯಾರು ಕಟ್ಟವ್ರೆ? ನೀ ಸುಮ್ಕಿರು."

ಅವನ ಹೆಂಡತಿ ಮಲ್ಲಿಕಾಂಬ ಏಣಿ ಹಿಡಿದು ನಿಂತಿದ್ದಳು. "ಅಣ್ಣಾ, ಅತ್ತೆ ಹೇಳ್ದಂಗೇ ಇಟ್ಬಿಡಿ. ಬೆಳಕು ಬಂದ್ರೆ ಸಾಕು," ಎಂದಳು.

ನಾನು ವಾದ ಮಾಡಲಿಲ್ಲ. ಅದಕ್ಕೆ ಕಾರಣವೂ ಇತ್ತು. ನಮ್ಮ ಸೀಮೆಯಲ್ಲಿ ಮೇ ತಿಂಗಳ ನಡುಹಗಲಲ್ಲಿ ಸೂರ್ಯ ನೆತ್ತಿಯನ್ನು ದಾಟಿ ತುಸು ಬಡಗಲಿಗೇ ಇರುತ್ತಾನೆ. ಬಡಗಲ ಸೂರಿನ ಮೇಲಿಟ್ಟು ಮೀಟರು ಹಚ್ಚಿದೆ. ಮುಳ್ಳು ಎರಡು ಆಂಪಿಯರ್ ತೋರಿಸಿತು. ಅಜ್ಜಿ ಗೆದ್ದರು, ದೀಪವೂ ಉರಿಯಿತು. ಆದರೆ ದಸರೆಯ ಹೊತ್ತಿಗೆ ಸೂರ್ಯ ತೆಂಕಲಿಗೆ ಸರಿಯುತ್ತಾನೆ, ಡಿಸೆಂಬರಿನಲ್ಲಿ ಆ ಸೂರಿಗೆ ಸಿಗುವುದು ಅರ್ಧಕ್ಕಿಂತ ಕಡಿಮೆ. ಬಸ್ ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿ ನೋಡಿಯೂ ಇದ್ದೆ. ಮನೆಯವರಿಗೆ ಹೇಳಲಿಲ್ಲ. ದಸರೆಗೆ ಮೊದಲು ಬಂದು, ಅಜ್ಜಿಯನ್ನು ಒಪ್ಪಿಸಿ ತೆಂಕಲಿಗೆ ಬದಲಾಯಿಸಿದರಾಯಿತು ಎಂದುಕೊಂಡೆ.

ಆಫೀಸಿನ ಫಾರಂನಲ್ಲಿ 'ಪ್ಯಾನೆಲ್ ಮುಖ ಮಾಡಿದ ದಿಕ್ಕು' ಎಂಬ ಕಲಂ ಇತ್ತು. ದಕ್ಷಿಣವಲ್ಲದೆ ಬೇರೇನು ಬರೆದರೂ ಆ ದೀಪವನ್ನು ಕಿತ್ತು ಬೇರೆ ಮನೆಗೆ ಕೊಡುತ್ತಿದ್ದರು. ದಕ್ಷಿಣ ಎಂದು ಬರೆದೆ. ಆ ಫಾರಂನಲ್ಲಿ ಮಿಕ್ಕ ಹತ್ತೊಂಬತ್ತು ಕಲಂಗಳೂ ನಿಜ.

ಅವತ್ತು ಮುಸ್ಸಂಜೆ ಟ್ಯೂಬು ಹತ್ತಿದಾಗ ಕರಿಸಿದ್ದಪ್ಪ ಬಹಳ ಹೊತ್ತು ಹೆಂಡತಿಯನ್ನೇ ನೋಡಿದ. "ಇವಳ ಮೂಗುಬೊಟ್ಟು ಎಡಕ್ಕೈತೆ ಕಣ್ರೀ! ಇಷ್ಟು ವರ್ಷ ಬಲಕ್ಕೆ ಅಂದ್ಕೊಂಡಿದ್ನಲ್ಲ." ಮಲ್ಲಿಕಾಂಬ "ಥೂ, ಎಂಥಾ ಮಾತು" ಎನ್ನುತ್ತ ಒಳಗೆ ಓಡಿದಳು. ಅಜ್ಜಿ ದೀಪಕ್ಕೆ ಕೈಮುಗಿದು ನನಗೊಂದು ಉಂಡೆ ಬೆಲ್ಲ ಕೊಟ್ಟರು.

ಸೆಪ್ಟೆಂಬರಿನಲ್ಲಿ ನನ್ನನ್ನು ನಾಲ್ಕೂವರೆ ತಿಂಗಳ ತರಬೇತಿಗೆ ಬಿಜಾಪುರದ ಕಡೆಗೆ ಕಳಿಸಿದರು. ನನ್ನ ಜಾಗಕ್ಕೆ ಈರಪ್ಪ ಬಂದ. ಅವನಿಗೆ ಒಂದು ಕಾರ್ಡು ಬರೆದಿದ್ದರೆ ಮುಗಿಯುತ್ತಿತ್ತು. ಎರಡು ಸಲ ಬರೆಯಲು ಕೂತೆ. ಬರೆದರೆ ಫಾರಂನಲ್ಲಿ ಸುಳ್ಳು ತುಂಬಿದ್ದನ್ನು ನಾನೇ ಸಹಿ ಹಾಕಿ ಒಪ್ಪಿಕೊಂಡಂತಾಗುತ್ತದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬರೆಯಲಿಲ್ಲ.

ಫೆಬ್ರವರಿಯಲ್ಲಿ ಕಡೂರಿಗೆ ಮರಳಿದಾಗ ಈರಪ್ಪ ಮೇಜಿನ ಕೆಳಗಿನಿಂದ ಒಂದು ಬ್ಯಾಟರಿ ಎಳೆದ.

"ನಿಮ್ಮ ಚೌಳಹಿರಿಯೂರಿಂದು ಸಾರ್. ಕಾರ್ತೀಕದಾಗೆ ಆಯಮ್ಮ ಬಂದು, ದೀಪ ಅರ್ಧ ಗಂಟೆಗೇ ಆರೋಗ್ತದೆ ಅಂದ್ಲು. ಫೈಲು ನೋಡ್ದೆ. ಪ್ಯಾನೆಲ್ ಸರಿಯಾಗಿ ದಕ್ಷಿಣಕ್ಕೇ ಐತಲ್ಲ, ಇನ್ನೇನು ಬ್ಯಾಟರಿನೇ ಹೋಗೈತೆ ಅಂತ ಬಿಚ್ಕೊಂಡು ಬಂದು ಬೆಂಗಳೂರಿಗೆ ಕಳಿಸ್ದೆ. ಮೂರು ತಿಂಗಳು ಇಟ್ಕೊಂಡು, ಚಾರ್ಜು ಮಾಡಿ, ಏನೂ ದೋಷ ಇಲ್ಲ ಅಂತ ಚೀಟಿ ಅಂಟಿಸಿ ವಾಪಸ್ ಕಳಿಸವ್ರೆ. ಎಂಥಾ ಜನ ನೋಡಿ!"

"ಸೂರು ಹತ್ತಿ ನೋಡಿದ್ರಾ?"

"ಫೈಲು ನಿಮ್ಮ ಕೈಯಿಂದು ಸಾರ್. ನೀವು ಬರೆದ ಮೇಲೆ ಹತ್ತಿ ನೋಡೋದೇನೈತೆ?"

ಮರುದಿನ ಬೆಳಗಿನ ಬಸ್ಸಿಗೆ ಬ್ಯಾಟರಿ ಹಾಕಿಕೊಂಡು ಹೋದೆ. ಬಾಗಿಲಿಗೆ ಬಂದ ಮಲ್ಲಿಕಾಂಬಳ ಕೈಯಲ್ಲಿ ಬಳೆಯಿರಲಿಲ್ಲ, ಹಣೆಯಲ್ಲಿ ವಿಭೂತಿ ಮಾತ್ರ ಇತ್ತು. ಮೂಗುಬೊಟ್ಟೂ ಇರಲಿಲ್ಲ.

"ಪುಷ್ಯದಾಗೆ ಹೋದ್ರು ಅಣ್ಣಾ," ಎಂದಳು. "ಬುಡ್ಡಿನ ಪಡಸಾಲೇಲಿ ಇಡ್ತಿದ್ದೆ. ಬಾಗ್ಲು ಹಾಕಿದ್ರೆ ಕತ್ಲು, ತೆಗೆದ್ರೆ ಹೊಗೆ. ಕಡೆಕಡೆಗೆ, ತೆಗೆದೇ ಇಡು ಅಂತಿದ್ರು."

ಗುರುಶಾಂತಮ್ಮ ಗೋಡೆಗೆ ಒರಗಿ ಕೂತಿದ್ದರು. ಅವರ ಮುಂದೆ ಕೂತು ಎಲ್ಲವನ್ನೂ ಹೇಳಿದೆ: ಮೇ ತಿಂಗಳ ಸೂರ್ಯ, ಡಿಸೆಂಬರಿನ ಸೂರ್ಯ, ಫಾರಂ, ಬರೆಯದ ಕಾರ್ಡು. ದೀಪ ಇದ್ದಿದ್ದರೂ ಆ ಚಳಿಗಾಲ ಅವನು ದಾಟುತ್ತಿರಲಿಲ್ಲವೇನೋ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ.

"ಆವತ್ತೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಅಜ್ಜಿ."

ಅವರು ನನ್ನ ಕೈಗಳನ್ನು ನೋಡಿದರು.

"ನಾನು ಓದ್ದೋಳಲ್ಲ. ನಂಗೆ ತಿಳಿದಿದ್ದು ಅಷ್ಟೇ, ಅದುನ್ನ ಹೇಳ್ದೆ. ನೀನು ಓದಿದೋನು. ನನ್ ಮಾತು ಯಾಕಪ್ಪಾ ಕೇಳ್ದೆ? ಗದರುಸ್ಬೇಕಿತ್ತು."

ಅವರು ಸೆರಗಿನಿಂದ ಮೂಗು ಒರೆಸಿಕೊಂಡು, "ಹೋಗು, ಎತ್ಲಾಗೆ ಬೇಕೋ ಅತ್ಲಾಗೆ ಇಡು. ಇನ್ನು ಯಾರುನ್ನ ಬಚ್ಚಿಡೋದು," ಎಂದರು.

ತಂದಿದ್ದ ಬ್ಯಾಟರಿಯನ್ನು ಒಳಗೆ ಕೂರಿಸಿ ಹೊರಗೆ ಬಂದೆ. ಮಲ್ಲಿಕಾಂಬ ಮತ್ತೆ ಏಣಿ ಹಿಡಿದಳು. ಬಡಗಲ ಸೂರಿನ ಬೋಲ್ಟುಗಳನ್ನು ಬಿಚ್ಚಿ, ಪ್ಯಾನೆಲನ್ನು ಹೊತ್ತು ದಾಟಿ ತೆಂಕಲಿಗೆ ಬಿಗಿದೆ. ನಡುಹಗಲಾಗಿತ್ತು. ವೈರು ಸೇರಿಸುತ್ತಿದ್ದಂತೆ ಮೀಟರಿನ ಮುಳ್ಳು ಸರ್ರನೆ ಎರಡನ್ನು ಮುಟ್ಟಿತು. ರೂಢಿಯಂತೆ ಅದನ್ನು ಗಟ್ಟಿಯಾಗಿ ಓದಿದೆ.

ಕೆಳಗೆ, ಕರಿಸಿದ್ದಪ್ಪ ಮಲಗುತ್ತಿದ್ದ ಹೊರಸನ್ನು ತೆಗೆದುಹಾಕಿದ್ದ ಕೋಣೆಯಲ್ಲಿ, ಮಲ್ಲಿಕಾಂಬ ಸ್ವಿಚ್ಚು ಒತ್ತಿ ನೋಡಿದಳು. ಹಂಚಿನ ಸಂದಿಯಿಂದ ಬಿಳೀ ಬೆಳಕು ಕಂಡಿತು. ತಕ್ಷಣವೇ ಆರಿಸಿಬಿಟ್ಟಳು.