ಓಟ್ಮಾರನ ಕಡೆಯ ಬಿಯರು

೧

ಎಲ್ಲಿಂದ ಶುರು ಮಾಡಲಿ? ಮೊದಲು ಮಂಜಿನಿಂದ ಶುರು ಮಾಡಿದ್ದೆ. ಬವೇರಿಯಾದ ಕಥೆಗೆ ಮಂಜು ಬೇಕೇ ಬೇಕೆಂಬುದು ನನ್ನ ಚಟ. ಬುರ್ಗಿ ಹಾಳೆಯೊಳಗಿಂದಲೇ ರೇಗಿದಳು. ಅವಳ ಮನೆಯ ಮಹಡಿಯಲ್ಲಿ ಬಹಳ ಕಾಲ ಬಾಡಿಗೆಗಿದ್ದವನು ನಾನು, ಸಲಿಗೆ ಜಾಸ್ತಿ.

"ಮಂಜಂತೆ ಮಂಜು! ಅವತ್ತು ಸುಡೋ ಬಿಸಿಲಿತ್ತು ಮಾರಾಯ. ನನ್ನ ಗಂಡ ಸತ್ತಿದಾನೆ, ಅದನ್ನ ಮೊದ್ಲು ಹೇಳು."

ಸರಿ. ಅವಳ ಗಂಡ ಓಟ್ಮಾರ್ ಸತ್ತ. ಹಳೆಯ ಹಾಳೆ ಹರಿದು ಹಾಕಿದೆ.

೨

ಅವನು ಹೋದಾಗ ನೆಲಮಾಳಿಗೆಯ ಡ್ರಮ್ಮಿನಲ್ಲಿ ಅವನೇ ಕಾಯಿಸಿಟ್ಟ ಬಿಯರು ಇನ್ನೂ ಹುದುಗುತ್ತಿತ್ತು. ಯಜಮಾನ ಸತ್ತದ್ದು ಹುದುಗಿಗೇನು ಗೊತ್ತು? (ಈ ವಾಕ್ಯ ತುಸು ಹೆಚ್ಚಾಯಿತು. ಇರಲಿ ಬಿಡಿ, ಆ ಗುಳುಗುಳು ಸದ್ದು ಕೇಳಿ ಬುರ್ಗಿ ಮೆಟ್ಟಿಲ ಮೇಲೆ ಕೂತು ಅತ್ತದ್ದಂತೂ ನಿಜ.)

ಸತ್ತವರ ಹೆಸರಲ್ಲಿ ಮೂವತ್ತನೆಯ ದಿನ ಚರ್ಚಿನಲ್ಲಿ ಪೂಜೆ. ಪೂಜೆ ಮುಗಿಸಿ ಬಂದವರಿಗೆ ಅವನ ಕೈಯ ಬಿಯರನ್ನೇ ಕೊಡಬೇಕೆಂದು ಬುರ್ಗಿ ಹಟ ಹಿಡಿದಳು. ಅದು ಬಿಟ್ಟರೆ ಅವನದು ಅಂತ ಇನ್ನೇನೂ ಬಿಸಿಯಾಗಿ, ಜೀವಂತವಾಗಿ ಉಳಿದಿರಲಿಲ್ಲ.

("ಬಿಸಿಯಾಗಿ ಎಲ್ಲಿತ್ತು? ನೆಲಮಾಳಿಗೆ ಕೊರೀತಿತ್ತು," ಎಂದಳು. ತಿದ್ದಿಕೊಳ್ಳಿ.)

೩

ಕಂಕುಳಲ್ಲಿಟ್ಟು ಒಯ್ಯಬಹುದಾದ ತಗಡಿನ ಪುಟ್ಟ ಪೀಪಾಯಿಗಳು. ಅವನ್ನು ಕುದಿನೀರಿನಲ್ಲಿ ತೊಳೆದು, ಕೊಳವೆಯನ್ನು ತಳಕ್ಕೆ ಮುಟ್ಟಿಸಿ, ನೊರೆಯೇಳದ ಹಾಗೆ ತುಂಬಿದಳು. ಒಂದೊಂದಕ್ಕೂ ಅಳತೆಯ ಸಕ್ಕರೆ ಹಾಕಿ ರಬ್ಬರ್ ಬಿರಡೆ ಒತ್ತಿದಳು. ಹುದುಗು ಆ ಸಕ್ಕರೆ ತಿಂದರೇನೇ ಬಿಯರಿಗೆ ಗ್ಯಾಸು ಬರುವುದು. ಓಟ್ಮಾರ್ ಮಾಡುತ್ತಿದ್ದುದೂ ಹಾಗೆಯೇ.

ಆದರೆ ಅಂದು ಬೆಳಿಗ್ಗೆ ಅವಳು ಗೋರಿಯ ಹೂಗಿಡಕ್ಕೆ ನೀರೆರೆಯಲು ಹೋಗಿದ್ದಾಗ ಮೈದುನ ಕಿಲಿಯಾನ್ ಬಂದಿದ್ದ. ಅತ್ತಿಗೆಗೆ ಅಷ್ಟಾದರೂ ಕೆಲಸ ತಪ್ಪಲೆಂದು ಇಡೀ ಡ್ರಮ್ಮಿಗೇ ಸಕ್ಕರೆ ಕಲಸಿ ಹೋದ. ಹೇಳಲಿಲ್ಲ. ಸಾವಿನ ಮನೆಯಲ್ಲಿ ಮಾಡಿದ ಉಪಕಾರವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ಅಲ್ಲಿಯವರಿಗೆ ನಾಚಿಕೆಗೇಡು.

೩ (ಮತ್ತೆ. ನಾಲ್ಕಕ್ಕೆ ಹೋಗಲು ಮನಸ್ಸಿಲ್ಲ)

ಪೂಜೆಯ ಹಿಂದಿನ ದಿನ ನೋಡಿದರೆ ಪೀಪಾಯಿಗಳ ತಳ ಉಬ್ಬಿ, ನೆಟ್ಟಗೆ ನಿಲ್ಲದೆ ಓಲಾಡುತ್ತಿದ್ದವು.

"ಅತ್ತಿಗೆ... ಸಕ್ಕರೆ ನೀವೂ ಹಾಕಿದ್ರಾ?"

"ನೀವೂ ಅಂದ್ರೆ? ಅಯ್ಯೋ ಹಾಳಾದವನೇ! ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ಅಣ್ಣನಿಗೆ ಅಂತ ಮಾಡ್ದೆ. ಅದಕ್ಕೂ ಡಂಗುರ ಹೊಡೀಬೇಕಿತ್ತಾ?" ಕಿಲಿಯಾನ್ ಓಲಾಡುತ್ತಿದ್ದ ಪೀಪಾಯಿಯೊಂದನ್ನು ಹಿಡಿದು ನಿಲ್ಲಿಸಿದ. "ಈಗ್ಲೇ ಬಿರಡೆ ತೆಗೀರಿ. ಅರ್ಧ ನೊರೆಯಾಗಿ ಹೋದ್ರೂ ಅರ್ಧ ಉಳಿಯತ್ತೆ. ಬಿಟ್ರೆ ಸಿಡಿಯತ್ತೆ."

೪

ಮುಕ್ತಾಯ, ಒಂದು: ಬಿರಡೆ ತೆಗೆದಳು. ಉಳಿದ ಅರ್ಧವನ್ನು ಎಲ್ಲರೂ ಕುಡಿದು ಓಟ್ಮಾರನನ್ನು ನೆನೆದರು.

"ಕುಡಿದು ಮೂತಿ ಒರೆಸ್ಕೊಂಡು ಹೋಗ್ತಾರೆ. ಆಮೇಲೆ ನಾನು?"

ಮುಕ್ತಾಯ, ಇನ್ನೊಂದು: ಪೀಪಾಯಿ ಸಿಡಿದು ಬಿಯರು ಗೋಡೆಗೆಲ್ಲ ಎರಚಿತು. ಎಲ್ಲಿಂದಲೋ ಓಟ್ಮಾರನ ಆತ್ಮ ನಕ್ಕಿತು.

"ಆತ್ಮ ಗೀತ್ಮ ಅಂದ್ರೆ ನೋಡು, ಕೈ ಮುರೀತೀನಿ."

ಮೂರನೆಯದು ನನ್ನ ಬಳಿ ಇಲ್ಲ, ಓದುಗರೇ. ನಿಮ್ಮ ಬಳಿಯೂ ಇರಲಾರದು.

೫

ಪೂಜೆ ಮುಗಿದಿದೆ. ಮೇಲೆ ಅಂಗಳದಲ್ಲಿ ಕಿಲಿಯಾನ್ ಅಂಗಡಿಯ ಬಿಯರು ಹಂಚುತ್ತಿದ್ದಾನೆ. ಕೆಳಗೆ ಬುರ್ಗಿ ಉಬ್ಬಿದ ಪೀಪಾಯಿಯೊಂದನ್ನು ಮಡಿಲಲ್ಲಿಟ್ಟುಕೊಂಡು, ಬಿರಡೆಯ ಮೇಲೆ ಹೆಬ್ಬೆರಳು ಒತ್ತಿ ಕೂತಿದ್ದಾಳೆ. ತಗಡು ಕಿರುಗುಟ್ಟುತ್ತಿದೆ. ನನಗೆ ಹೆದರಿಕೆ.

"ಬುರ್ಗಿ, ಪೆಟ್ಟಾಗತ್ತೆ, ಇಳಿಸು ಅದನ್ನ. ನಾನು ಕಥೆ ಮುಗಿಸ್ಬೇಕು."

"ನಿಂಗೇನು, ಇನ್ನೊಂದು ಬರೀತೀಯ. ನಂಗೆ ಇನ್ನೊಂದು ಸಲ ಕಾಯಿಸಿಕೊಡೋರು ಯಾರು?"

ಅವಳು ಇನ್ನೂ ಹೆಬ್ಬೆರಳು ತೆಗೆದಿಲ್ಲ. ತೆಗೆ ಎಂದು ಹೇಳುವುದನ್ನು ನಾನೂ ಬಿಟ್ಟಿದ್ದೇನೆ.