ಎರಡು ಬೆರಳು ಕಿರಿದು

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಫ್ಯಾನಿಲ್ಲ, ಕಿಟಕಿ ತೆಗೆಯುವಂತಿಲ್ಲ, ಸೀನುವಂತಿಲ್ಲ. ಅಲ್ಲಿ ನನ್ನ ಹೆಂಡತಿ ಸ್ಲೀಪಿಂಗ್ ಬ್ಯಾಗುಗಳಿಗೆ ತುಪ್ಪುಳು ತುಂಬುತ್ತಾಳೆ. ತುಪ್ಪುಳೆಂದರೆ ಬಾತುಕೋಳಿಯ ಎದೆಯಲ್ಲಿ ಗರಿಗಳ ಅಡಿಯಲ್ಲಿ ಇರುತ್ತದಲ್ಲ, ಕಡ್ಡಿಯಿಲ್ಲದ ಮೆತ್ತನೆಯ ಪುಕ್ಕ, ಅದು. ಯಾರಾದರೂ ಜೋರಾಗಿ ನಕ್ಕರೆ ಸಾಕು, ಕೋಣೆ ತುಂಬ ಹಾರಾಡುತ್ತದೆ. ಮದುವೆಯಾದ ಹೊಸತರಲ್ಲಿ ಅಲ್ಲಿ ಒಂದು ಜೋಕು ಹೇಳಿ ಮೂರು ದಿನ ಬೈಸಿಕೊಂಡಿದ್ದೆ. ನಾನು ಮುಂದಿನ ಕೋಣೆಯ ದರ್ಜಿ. ಬಟ್ಟೆ ಕತ್ತರಿಸಿ ಸಾಲಾಗಿ ಖಾನೆಗಳನ್ನು ಹೊಲಿದುಕೊಡುವುದು ನನ್ನ ಕೆಲಸ. ಅವನ್ನು ತುಂಬಿ ಬಾಯಿ ಹೊಲಿಯುವುದು ಅವಳದು.

ಈ ಸಲದ ಗಿರಾಕಿ ನಮ್ಮ ಮಗಳೇ. ಗುಬ್ಬಿ ಅಂತ ಕರೆಯುತ್ತೇವೆ, ಆದರೆ ಆಳು ನನಗಿಂತ ಎತ್ತರ. ಹಿಮದ ಬೆಟ್ಟದ ಮೇಲಿನ ಹವಾಮಾನ ಕೇಂದ್ರದಲ್ಲಿ ಕೆಲಸ ಸಿಕ್ಕಿ, ಭಾನುವಾರ ಆರು ತಿಂಗಳಿಗೆ ಹೊರಡುವವಳಿದ್ದಳು. ಅವಳಿಗೆ ಚಿಕ್ಕಂದಿನಿಂದ ಚಳಿ ಎಂದರೆ ಆಗದು. ನಿದ್ದೆಯಲ್ಲಿ ತಣ್ಣನೆಯ ಪಾದ ತಂದು ನಮ್ಮ ಹೊಟ್ಟೆಗೆ ಒತ್ತುತ್ತಿದ್ದ ಮಗು ಅದು. ಬೆಟ್ಟದ ಮೇಲೆ ಯಾರ ಹೊಟ್ಟೆಗೆ ಒತ್ತುತ್ತಾಳೆ? ನಮ್ಮಿಬ್ಬರಿಗೂ ಅದೇ ಚಿಂತೆ, ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ ಅಷ್ಟೆ.

ಬುಧವಾರ ಬ್ಯಾಗ್ ಮುಗಿಯಿತು. ಪರೀಕ್ಷೆ ಮಾಡದೆ ನಾವು ಯಾರಿಗೂ ಕೊಡುವುದಿಲ್ಲ. ಬೀದಿಯ ಕೊನೆಯ ಐಸ್‌ಕ್ರೀಮ್ ಕಾರ್ಖಾನೆಯ ಮ್ಯಾನೇಜರು ಊಟದ ಬಿಡುವಿನಲ್ಲಿ ನಮ್ಮನ್ನು ಕೋಲ್ಡ್ ರೂಮಿಗೆ ಬಿಡುತ್ತಾರೆ. ನಾನು ಬ್ಯಾಗಿನೊಳಗೆ ಹೊಕ್ಕು ಡಬ್ಬಗಳ ನಡುವೆ ಮಲಗಿದೆ. ಹತ್ತೇ ನಿಮಿಷಕ್ಕೆ ಹಲ್ಲು ಕಟಕಟ ಎಂದವು. ಮುಟ್ಟಿ ನೋಡಿದರೆ ಬ್ಯಾಗು ಬಿಗಿದುಕೊಂಡು ಗಟ್ಟಿ ದಿಂಬಿನ ಹಾಗಿದೆ. ತುಪ್ಪುಳು ಉಬ್ಬಿ ಗಾಳಿ ಹಿಡಿದುಕೊಂಡರೆ ತಾನೆ ಬೆಚ್ಚಗೆ? ಇಲ್ಲಿ ಅದಕ್ಕೆ ಮಗ್ಗುಲು ಬದಲಿಸಲೂ ಜಾಗವಿರಲಿಲ್ಲ.

ಮನೆಗೆ ಬಂದವನೇ ಹೆಂಡತಿಯ ಮೇಲೆ ಕೂಗಾಡಿದೆ.

"ಮಗಳು ಅಂತ ಹಿಡಿಗಟ್ಟಲೆ ತುರುಕಿದೀಯ. ಅತಿಯಾದ್ರೆ ಅಮೃತಾನೂ ವಿಷ ಅಂತ ಗೊತ್ತಿಲ್ವಾ ನಿಂಗೆ?"

"ತೂಕ ನೋಡ್ಕೊಂಡೇ ತುಂಬಿದೀನಿ. ಒಂದು ಗ್ರಾಂ ಹೆಚ್ಚಿಲ್ಲ."

"ಹಾಗಾದ್ರೆ ಬಿಚ್ಚು, ನೋಡೇಬಿಡೋಣ."

ಅವಳು ಹಿಂದಿನ ಕೋಣೆಯ ಬಾಗಿಲು ಹಾಕಿ, ಒಂದೊಂದೇ ಖಾನೆ ಬಿಚ್ಚಿ ತಕ್ಕಡಿಗೆ ಹಾಕಿದಳು. ತೂಕ ಕರಾರುವಾಕ್ಕಾಗಿತ್ತು. ನಾನು ತಕ್ಕಡಿಯನ್ನೇ ಅನುಮಾನಿಸಿದೆ. ಆಗ ಅವಳು ಗೋಡೆಗೆ ತೂಗುಹಾಕಿದ್ದ ಖಾನೆಯ ರಟ್ಟಿನ ಅಳತೆಯನ್ನು ಇಳಿಸಿ ಖಾಲಿ ಬಟ್ಟೆಯ ಮೇಲಿಟ್ಟಳು. ಪ್ರತಿ ಖಾನೆಯೂ ಎರಡು ಬೆರಳು ಕಿರಿದು.

"ಇದ್ಯಾರ ಕತ್ತರೀದು?" ಎಂದಳು.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದ ಎನ್ನುತ್ತಾರಲ್ಲ, ಆ ಮನುಷ್ಯ ನಾನೇ. ಕತ್ತರಿಸುವಾಗ ನನಗೆ ಅನಿಸಿದ್ದಿಷ್ಟು: ಬಟ್ಟೆ ಮಗಳನ್ನು ಅಪ್ಪಿಕೊಂಡಿರಲಿ, ಚಳಿ ನುಗ್ಗಲು ಸಂದು ಇರಬಾರದು. ಮೂವತ್ತು ವರ್ಷ ಬೇರೆಯವರ ಮಕ್ಕಳಿಗೆ ಸರಿಯಾಗಿ ಕತ್ತರಿಸಿದ ಕೈ ಸ್ವಂತ ಮಗಳ ಹೊತ್ತಿಗೆ ಅಳತೆ ತಪ್ಪಿತ್ತು. ನಾಚಿಕೆಯಾಯಿತು. ಹೆಂಡತಿಗೆ ಅದನ್ನು ಹೇಳಿಯೂಬಿಟ್ಟೆ.

ಅವಳು ತುಪ್ಪುಳನ್ನು ಮತ್ತೆ ಚೀಲಕ್ಕೆ ತುಂಬತೊಡಗಿದಳು.

"ಹೋಗ್ಲಿ ಬಿಡಿ. ನಾನೂ ಕಾಲಿನ ಕಡೆ ಒಂದು ಹಿಡಿ ಜಾಸ್ತಿ ಹಾಕಿದ್ದೆ. ಆಮೇಲೆ ತೆಗೆದೆ. ಮತ್ತೆ ಹಾಕಿದೆ, ಮತ್ತೆ ತೆಗೆದೆ."

ಮುಂದಿನ ಎರಡು ದಿನ ಊಟ ತಿಂಡಿಯೆಲ್ಲ ಮೆಷಿನ್ನಿನ ಪಕ್ಕದಲ್ಲೇ. ಹೊಸ ಬಟ್ಟೆಯನ್ನು ರಟ್ಟಿನ ಅಳತೆಗೆ ನೂಲೆಳೆಯಷ್ಟೂ ತಪ್ಪದಂತೆ ಕತ್ತರಿಸಿದೆ. ಶನಿವಾರ ಮಧ್ಯಾಹ್ನ ಮೂವರೂ ಕಾರ್ಖಾನೆಗೆ ಹೋದೆವು. ಗುಬ್ಬಿ ಒಳಹೊಕ್ಕು ಜಿಪ್ ಎಳೆದುಕೊಂಡಳು. ಬ್ಯಾಗು ಹುದುಗು ಬಂದ ಹಿಟ್ಟಿನಂತೆ ನಿಧಾನವಾಗಿ ಉಬ್ಬಿತು. ನಾವು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಪಕ್ಕದಲ್ಲಿ ನಿಂತೆವು.

"ಹೇಗಿದೆ ಮಗಾ?"

"ಇರಪ್ಪ, ಈಗ ತಾನೆ ಮಲಗಿದೀನಿ."

ಹತ್ತು ನಿಮಿಷ ಬಿಟ್ಟು, "ಪಾದ ಬೆಚ್ಚಗಿದೆಯಾ?" ಎಂದೆ. ಉತ್ತರವಿಲ್ಲ. ಬಗ್ಗಿ ನೋಡಿದರೆ ಮಗಳು ಬಾಯಿ ತುಸು ತೆರೆದುಕೊಂಡು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಕೆನ್ನೆ ಕೆಂಪಗಿತ್ತು.

ಎಬ್ಬಿಸಲು ಕೈ ಚಾಚಿದೆ. ಹೆಂಡತಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅವಳ ಬೆರಳು ಕೊರಡುಗಟ್ಟಿದ್ದವು.

"ಎಬ್ಬಿಸ್ಬೇಡಿ ರೀ. ನಾಳೆಯಿಂದ ಇವಳು ಮಲಗೋದನ್ನ ಎಲ್ಲಿ ನೋಡ್ತೀವಿ?"

ಊಟದ ಬಿಡುವು ಮುಗಿದ ಗಂಟೆ ಹೊಡೆಯುವ ತನಕ ನಾವಿಬ್ಬರೂ ಐಸ್‌ಕ್ರೀಮ್ ಡಬ್ಬಗಳ ನಡುವೆ ನಡುಗುತ್ತಾ ನಿಂತೇ ಇದ್ದೆವು.