ನಲವತ್ತೊಂದನೆಯ ಗೂಡು

ಇನ್ನೊಬ್ಬರ ಮನೆಯ ದುಃಖವನ್ನು ಕಥೆ ಮಾಡಿ ಹೇಳಲು ಮನಸ್ಸು ಹಿಂಜರಿಯುತ್ತದೆ. ಹೇಳದೆ ಇದ್ದರೂ ಸಮಾಧಾನವಿಲ್ಲ. ಎಲ್ಲಾದರೂ ಮಾತು ಹೆಚ್ಚುಕಡಿಮೆಯಾಗಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಒಂದು ರಾಷ್ಟ್ರೀಯ ಉದ್ಯಾನದ ಜಲಪಾತದ ಬುಡದಲ್ಲಿ ಈಜುವ ಮಡುವೊಂದಿದೆ. ಸುತ್ತಲಿನ ಬಂಡೆಗಳಿಗೆ ಪಾಚಿ ಕಟ್ಟಿದೆ. ಚಪ್ಪಲಿ ಮೆಟ್ಟಿ ಹೋದವರು ಜಾರಿ ಬೀಳುತ್ತಾರೆಂದು ಮೆಟ್ಟಿಲು ಮುಗಿಯುವಲ್ಲೇ ಅದನ್ನು ಬಿಡಬೇಕೆಂಬ ನಿಯಮ. ಅಲ್ಲಿ ತಗಡಿನ ಸೂರಿನಡಿ ಅರವತ್ತು ಗೂಡುಗಳ ಮರದ ಕಪಾಟು. ಹನ್ನೊಂದು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿದ್ದವಳಿಗೆ ಚಪ್ಪಲಿಯಕ್ಕ ಎಂದೇ ಹೆಸರು ಬಿದ್ದಿತ್ತು. ಚಪ್ಪಲಿ ಗೂಡಿಗೆ, ನಂಬರಿನ ಬಿಲ್ಲೆ ಈಜುವವರ ಮಣಿಕಟ್ಟಿಗೆ. ಸಂಜೆ ಐದೂವರೆಗೆ ಕಾವಲುಗಾರ ಸೀಟಿ ಊದಿದರೆ ಎಲ್ಲರೂ ಮೇಲೆ ಬಂದು ಬಿಲ್ಲೆ ಕೊಟ್ಟು ಹೋಗುತ್ತಿದ್ದರು.

ಆದರೂ ಬಿಲ್ಲೆ ಕೊಡದೆ ಹಾಗೇ ಹೊರಟುಹೋಗುವವರಿಂದ ವಾರಕ್ಕೆ ಒಂದೆರಡು ಜೋಡಿ ಉಳಿಯುವುದಿತ್ತು. ಉಳಿದದ್ದು ಹೊಸದಾಗಿದ್ದರೆ ಅವಳು ಕಾವಲುಗಾರನನ್ನು ಕೂಗುತ್ತಿದ್ದಳು. ಅವನು ಮಡುವಿಗೆ ಒಂದು ಸುತ್ತು ಹಾಕಿ ನೋಡಿ ಬರುತ್ತಿದ್ದ. ಸವೆದದ್ದಾಗಿದ್ದರೆ, ಯಾರೋ ಬೇಕೆಂದೇ ಬಿಟ್ಟು ಹೋದದ್ದು ಎಂದು ಗೋಣಿಚೀಲಕ್ಕೆ. ಯಾರೂ ಹೇಳಿಕೊಟ್ಟದ್ದಲ್ಲ, ಅವಳೇ ಮಾಡಿಕೊಂಡ ಕ್ರಮ. ಅಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಾಗಿರಲಿಲ್ಲ.

ಆ ಸಂಜೆ ನಲವತ್ತೊಂದನೆಯ ಗೂಡಿನಲ್ಲಿ ಉಳಿದಿದ್ದ ಜೋಡಿಯ ಹಿಮ್ಮಡಿ ಸವೆದು ಕಾಗದದಷ್ಟಾಗಿತ್ತು. ಎಡಗಾಲಿನ ಚಪ್ಪಲಿಯಲ್ಲಿ ಹೆಬ್ಬೆರಳು ತೂರಿಸುವ ಉಂಗುಷ್ಟ ಕಿತ್ತು, ಅದಕ್ಕೆ ತಾಮ್ರದ ತಂತಿ ಸುತ್ತಿತ್ತು.

“ಏನಕ್ಕಾ, ಏನಾದ್ರೂ ಉಳೀತಾ?” ಮೇಲಿನ ಮೆಟ್ಟಿಲಿನಿಂದ ಕಾವಲುಗಾರ ಕೇಳಿದ.

“ಉಳಿದಿದೆ, ಕಳ್ಳನೂ ಮೂಸಿ ನೋಡದಂಥದ್ದು. ನೀನು ನಡಿ,” ಎಂದು ನಕ್ಕು, ಅವಳು ಅದನ್ನು ಚೀಲಕ್ಕೆ ಎಸೆದಳು.

ಮರುದಿನ ಬೆಳಿಗ್ಗೆ ಕಸ ಆರಿಸುವವರಿಗೆ ಆ ಚಪ್ಪಲಿಯವನು ಹೆಣವಾಗಿ ಸಿಕ್ಕಿದ. ಬೀದಿದೀಪ ರಿಪೇರಿ ಮಾಡುವವನು, ರಜೆಯ ದಿನ ಒಬ್ಬನೇ ಬಂದಿದ್ದವನು. ಒಂಟಿ ಕೋಣೆಯಲ್ಲಿದ್ದವನಾದ್ದರಿಂದ ಮನೆಗೆ ಬರಲಿಲ್ಲವೆಂದು ಹುಡುಕುವವರೂ ಇರಲಿಲ್ಲ. ಧುಮುಕುವ ನೀರಿನ ಹಿಂದೆ ಒಂದು ಕಲ್ಲಿನ ಅಂಚಿದೆ. ಅದರ ಮೇಲೆ, ಕಾಲು ಮುರಿದು, ಅರ್ಧ ಮೈ ನೀರಿನಿಂದ ಹೊರಗಿದ್ದ. ಅಲ್ಲಿ ಎಷ್ಟು ಕೂಗಿದರೂ ಮೊರೆತ ದಾಟಿ ದನಿ ಬಾರದು. ಮಣಿಕಟ್ಟಿನಲ್ಲಿ ನಲವತ್ತೊಂದರ ಬಿಲ್ಲೆ ಹಾಗೇ ಇತ್ತು.

ಸುದ್ದಿ ಕೇಳಿದ ಚಪ್ಪಲಿಯಕ್ಕ ಸೂರಿನಡಿಗೆ ಓಡಿದಳು. ಯಾರೂ ಬರುವ ಮೊದಲು ಚೀಲದಿಂದ ಆ ಜೋಡಿ ತೆಗೆದು, ಒರೆಸಿ, ಗೂಡಿನಲ್ಲಿಟ್ಟಳು. ವಿಚಾರಣೆಗೆ ಬಂದವರು ಗೂಡು ನೋಡಿದರು, ಬರೆದುಕೊಂಡರು, ಹೋದರು. ಅವಳನ್ನು ಹೆಚ್ಚೇನೂ ಕೇಳಲಿಲ್ಲ.

ಎರಡು ವಾರ ಕಳೆದು, ಒಂದು ಮಧ್ಯಾಹ್ನ ದಪ್ಪಗಿನ ಹೆಂಗಸೊಬ್ಬಳು ಏದುಸಿರು ಬಿಡುತ್ತಾ ಮೆಟ್ಟಿಲಿಳಿದು ಬಂದಳು.

“ನಲವತ್ತೊಂದು ಇಲ್ಲೇ ಅಲ್ವಾ? ನಾನು ಅವನ ಅಕ್ಕ.”

ಚಪ್ಪಲಿ ಕೈಗೆ ಕೊಟ್ಟಾಗ ಆಕೆ ಬೆಂಚಿನ ಮೇಲೆ ಕುಳಿತು ಮಡಿಲಲ್ಲಿಟ್ಟುಕೊಂಡಳು.

“ನೋಡಿ ಇವನ ಜಿಪುಣತನಾನ! ಊರಿಗೆಲ್ಲ ದೀಪ ಹಾಕೋನು, ತನ್ನ ಕಾಲಿಗೆ ಮಾತ್ರ ತಂತಿ. ಎಷ್ಟು ಬೈದ್ರೂ ಹಲ್ಲು ಕಿರೀತಿದ್ದ.” ನಗಲು ಹೋದ ಬಾಯಿ ಸೊಟ್ಟಗಾಯಿತು. ಸೆರಗಿನಿಂದ ಮುಖ ಒರೆಸಿಕೊಂಡಳು. “ಇಷ್ಟು ಚೆನ್ನಾಗಿ ಒರೆಸಿ ಇಟ್ಟಿದೀರಲ್ಲಾ. ನಿಮ್ಮ ಹೊಟ್ಟೆ ತಣ್ಣಗಿರಲಿ.”

ಚಪ್ಪಲಿಯಕ್ಕ ಸುಮ್ಮನಿದ್ದಿದ್ದರೆ ಆಕೆ ಎದ್ದು ಹೋಗುತ್ತಿದ್ದಳು. ಕೆಲಸವೂ ಉಳಿಯುತ್ತಿತ್ತು. ಆದರೆ ಆ ಹಾರೈಕೆಯನ್ನು ಅವಳು ಇಟ್ಟುಕೊಳ್ಳಲಾರದೆ ಹೋದಳು.

“ಹಾಗನ್ಬೇಡಿ ತಾಯೀ. ಇದು ಆವತ್ತು ಸಂಜೇನೇ ಉಳಿದಿತ್ತು. ಹಳೇದು, ಯಾರೋ ಬಿಸಾಕಿ ಹೋಗಿದಾರೆ ಅಂತ ಚೀಲಕ್ಕೆ ಹಾಕ್ದೆ. ನೋಡಿ ಬಾ ಅಂತ ಕಾವಲಿನವನಿಗೆ ಹೇಳಲಿಲ್ಲ. ತಮಾಷೆ ಮಾಡಿ ನಕ್ಕೆ. ಒರೆಸಿ ಇಟ್ಟಿದ್ದು ಮಾರನೇ ದಿನ.”

ಅವನ ಅಕ್ಕ ತಂತಿಯ ಮೇಲೆ ಬೆರಳಾಡಿಸಿದಳು.

“ಹೊಸದಾಗಿದ್ರೆ?”

“ಕೂಗ್ತಿದ್ದೆ.”

“ಅವರು ಹೋಗಿ ನೋಡ್ತಿದ್ರಾ?”

“ನೋಡ್ತಿದ್ದ.”

“ಹೊಸದು ನಾನೇ ತಂದುಕೊಟ್ಟಿದ್ದೆ,” ಎಂದಳು ಆಕೆ. “ಇನ್ನೂ ಡಬ್ಬದಲ್ಲೇ ಇದೆ. ಕಾಡು ಸುತ್ತೋಕೆ ಹೊಸದ್ಯಾಕಕ್ಕಾ, ಒಳ್ಳೇ ದಿನಕ್ಕಿರಲಿ ಅಂದ.”

ಬೈದಿದ್ದರೆ ಚಪ್ಪಲಿಯಕ್ಕನ ಎದೆ ಒಂದಿಷ್ಟು ಹಗುರಾಗುತ್ತಿತ್ತೋ ಏನೋ. ಆಕೆ ಬೈಯಲಿಲ್ಲ. ಕೊಟ್ಟ ಹಾರೈಕೆಯನ್ನು ವಾಪಸು ಪಡೆಯಲೂ ಇಲ್ಲ, ಇನ್ನೊಮ್ಮೆ ಹೇಳಲೂ ಇಲ್ಲ.

“ಆಗ ಜೀವ ಇತ್ತಾ ಅವನಿಗೆ?” ಎಂದಷ್ಟೇ ಕೇಳಿದಳು.

“ಗೊತ್ತಿಲ್ಲ ತಾಯೀ.”

ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಂಡು ಆಕೆ ನೀರನ್ನೇ ನೋಡುತ್ತಾ ಸೀಟಿ ಊದುವವರೆಗೆ ನಿಂತಿದ್ದು, ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ಹೋದಳು.

ಈಗ ಹಳೆಯದಿರಲಿ, ಹರಿದದ್ದಿರಲಿ, ಯಾವ ಜೋಡಿ ಉಳಿದರೂ ಚಪ್ಪಲಿಯಕ್ಕ ಸೀರೆ ಎತ್ತಿಕಟ್ಟಿ, ಕಾವಲುಗಾರನ ಕೈ ಹಿಡಿದು, ಆ ನೀರಿನ ಹಿಂದಕ್ಕೆ ಹೋಗಿ ನೋಡಿ ಬರುತ್ತಾಳೆ. ಇದುವರೆಗೆ ಅಲ್ಲಿ ಯಾರೂ ಸಿಕ್ಕಿಲ್ಲ.

ವೈದ್ಯರ ಕಾಗದದಲ್ಲಿ ಜೀವ ಹೋದದ್ದು ಸಂಜೆಗೂ ಬೆಳಗಿಗೂ ನಡುವೆ ಎಂದಷ್ಟೇ ಇದೆ. ಐದೂವರೆಯ ಸೀಟಿ ಅವನಿಗೆ ಕೇಳಿಸಿತ್ತೇ, ಅವನು ಕೂಗಿದ್ದನೇ ಎಂಬುದು ಯಾರಿಗೂ ಗೊತ್ತಿಲ್ಲ. ಅವನ ಅಕ್ಕ ಆ ಮಧ್ಯಾಹ್ನದ ಮಾತನ್ನು ಯಾರಿಗಾದರೂ ಹೇಳಿದಳೋ ಇಲ್ಲವೋ, ಅದೂ ಗೊತ್ತಿಲ್ಲ.